ವಿಭೂತಿಯಲ್ಲಿ ತಿಕ್ಕಿದ ಟೀಪಾಟು

ಟ್ರಾಮು ತಿರುವಿನಲ್ಲಿ ವಾಲಿದಾಗಲೆಲ್ಲ ಮಡಿಲಲ್ಲಿದ್ದ ಬ್ಯಾಗಿನೊಳಗಿಂದ ಕಿಣಿಕಿಣಿ ಎಂದು ಸದ್ದು ಬರುತ್ತಿತ್ತು, ಆ ಸದ್ದಿಗೆ ಮೈತ್ರೇಯಿಗೆ ನಗು ತಡೆಯುವುದೇ ಕಷ್ಟವಾಗಿತ್ತು. ಎದುರು ಸೀಟಿನ ಹುಡುಗಿ ಕಿವಿಯ ವೈರು ತೆಗೆದು ಒಮ್ಮೆ ಬ್ಯಾಗನ್ನೂ ಒಮ್ಮೆ ಅವಳನ್ನೂ ನೋಡಿದಳು. ನೋಡಲಿ, ಬೆಳಿಗ್ಗೆ ಬೆಳಿಗ್ಗೆಯೇ ವೈನ್ ಬಾಟಲಿ ಹೊತ್ತುಕೊಂಡು ಹೊರಟಿದ್ದಾಳೆ ಅಂತ ತಿಳಿದುಕೊಂಡರೂ ತಿಳಿದುಕೊಳ್ಳಲಿ. ಒಂದು ಜಾಮ್ ಬಾಟಲಿಯಲ್ಲಿ ಅಂಟುವಾಳಕಾಯಿ ಕುದಿಸಿ ಸೋಸಿದ ನೀರು, ಅಲುಗಾಡಿ ಅಲುಗಾಡಿ ಈಗ ಮುಕ್ಕಾಲು ಪಾಲು ನೊರೆಯೇ ಆಗಿರಬೇಕು. ಇನ್ನೊಂದರಲ್ಲಿ ವಿನೆಗರಿನಲ್ಲಿ ವಾರಗಟ್ಟಲೆ ನೆನೆದ ನಿಂಬೆಸಿಪ್ಪೆ. ಒಂದು ಡಬ್ಬಿಯಲ್ಲಿ ಸೀಗೆಪುಡಿ, ಒಲೆಯ ಜಿಡ್ಡಿಗೆ. ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಚೀಲ, ಅದರೊಳಗೆ ಹುಣಸೆಹಣ್ಣು. ಎಲ್ಲಕ್ಕಿಂತ ಕೆಳಗೆ, ಗಂಡ ಕಿಶೋರನ ಹಳೆಯ ಬನಿಯನ್ನಿನಲ್ಲಿ ಸುತ್ತಿ ಇಟ್ಟದ್ದು, ಅದನ್ನು ನೆನೆದರೆ ಮಾತ್ರ ನಗು ಅರ್ಧಕ್ಕೇ ನಿಲ್ಲುತ್ತಿತ್ತು. ಒಂದು ಇಡೀ ವಿಭೂತಿ ಗಟ್ಟಿ. ದೇವರ ಮುಂದಿಟ್ಟಿದ್ದು. ಅಮ್ಮ ತುಮಕೂರಿನಿಂದ ಹತ್ತಿಯಲ್ಲಿ ಸುತ್ತಿ, ಹತ್ತಿಯ ಮೇಲೆ ಪೇಪರು ಸುತ್ತಿ, ಮುರಿಯಬಾರದೆಂದು ಬೇಡಿಕೊಂಡು ಕಳಿಸಿದ್ದು. ಅದನ್ನು ಇವಳು ಬೆಳಿಗ್ಗೆ ಲಟ್ಟಣಿಗೆಯಲ್ಲಿ ಟಪ್ಪೆಂದು ಮುರಿದಿದ್ದಳು. ಮನೆಯಲ್ಲಾದರೆ ಬೆಳ್ಳಿ ತಿಕ್ಕುವುದಕ್ಕೆ ಮುರಿದ ಚೂರುಗಳೇ, ಹಣೆಗೆ ಹಚ್ಚಿ ಉಳಿದ ಪುಡಿಯೇ. ಇಡೀ ಗಟ್ಟಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಆದರೆ ಇಲ್ಲಿ ಚೂರು ಎಲ್ಲಿಂದ ತರುವುದು? ಶೆಫೀಲ್ಡಿನಲ್ಲಿ ಏನೇನೋ ಸಿಗುತ್ತದೆ, ಮುರಿದ ವಿಭೂತಿ ಸಿಗುವುದಿಲ್ಲ.

ಕಿಶೋರ ಇವತ್ತೂ ಹಚ್ಚಿಕೊಂಡಿದ್ದ. ಸ್ನಾನ ಮಾಡಿ ಬಂದು ಮೂರು ಬೆರಳಲ್ಲಿ ಹಣೆಗೆ ಎಳೆದುಕೊಂಡು, ಕಣ್ಣು ಮುಚ್ಚಿ, ಟೋಸ್ಟು ತಿಂದು, ಬಾಗಿಲ ಬಳಿಯ ಕನ್ನಡಿಯ ಮುಂದೆ ಟೈ ಸರಿಮಾಡಿಕೊಳ್ಳುವಾಗ ಅದೇ ಮೂರು ಬೆರಳಲ್ಲಿ ಒರೆಸಿಕೊಂಡ. ಬರ್ಚ್‌ವುಡ್ಡಿನ ಆಫೀಸಿಗೆ ಹೋಗುವ ರೈಲಿನಲ್ಲಿ ಹಣೆ ಬೋಳಾಗಿಯೇ ಇರಬೇಕು. ಪ್ರತಿದಿನ ನೋಡಿ ಅವಳಿಗೆ ಅಭ್ಯಾಸವಾಗಿದೆ, ಅವನಿಗೂ ಆಗಿದೆ. ಕನ್ನಡಿಯಲ್ಲೇ ಅವಳನ್ನು ನೋಡಿ, "ಆ ಮನೆಕೆಲಸ ಇವತ್ತೇ ಕೊನೆ ಅಂದಿದೀಯ, ನೆನಪಿದೆಯಲ್ಲ?" ಅಂದ. ಅವಳು ಹೂಂ ಅಂದಳು. "ನಿನಗೆ ಬೇಜಾರಾಗ್ಲಿ ಅಂತ ಹೇಳ್ತಿಲ್ಲ ಮೈತ್ರಿ. ಬಿಎಸ್ಸಿ ಮಾಡಿರೋಳು ನೀನು. ಯಾರಾದ್ರೂ ನೋಡಿದ್ರೆ ನಾನು ಏನಂತ ಹೇಳ್ಲಿ?" ಏನಂತ ಹೇಳಬೇಕೆಂದು ಅವನಿಗೆ ಚೆನ್ನಾಗಿಯೇ ಗೊತ್ತು. ಯುಗಾದಿಗೆ ಕನ್ನಡ ಬಳಗದ ಊಟದಲ್ಲಿ, ಡಾಕ್ಟರ್ ನಾರಾಯಣಸ್ವಾಮಿಯವರ ಹೆಂಡತಿ ಶೋಭಾ ಒಬ್ಬಟ್ಟಿಗೆ ತುಪ್ಪ ಬಡಿಸುತ್ತಾ, "ನೀನೇನ್ ಮಾಡ್ಕೊಂಡಿದೀಯಮ್ಮ ಇಲ್ಲಿ?" ಎಂದು ಕೇಳಿದಾಗ ಅವಳು ಬಾಯಿ ತೆರೆಯುವ ಮೊದಲೇ ಅವನು, "ಕೋರ್ಸ್ ಮಾಡ್ತಿದಾಳೆ ಆಂಟಿ, ಪಾರ್ಟ್‌ಟೈಮ್" ಎಂದುಬಿಟ್ಟಿದ್ದ. ಶೋಭಾ, "ವೆರಿ ಗುಡ್, ಸುಮ್ನೆ ಕೂರಬಾರ್ದು" ಎಂದು ಅವಳ ಎಲೆಗೆ ಇನ್ನೊಂದು ಚಮಚ ತುಪ್ಪ ಹಾಕಿದ್ದರು. ಆ ತುಪ್ಪ ಗಂಟಲಲ್ಲಿ ಇಳಿದ ರೀತಿ ಅವಳಿಗೆ ಇನ್ನೂ ನೆನಪಿದೆ. ಯಾವ ಕೋರ್ಸು ಎಂದು ಯಾರೂ ಕೇಳಲಿಲ್ಲ, ಪುಣ್ಯ.

ಆದರೆ ಇವತ್ತು ಕೊನೆಯ ದಿನವಾಗುವುದಿಲ್ಲ. ಅದು ಅವಳೊಬ್ಬಳಿಗೇ ಗೊತ್ತಿತ್ತು. ಅವಳು ಮನೆ ತೊಳೆಯಲು ಹೋಗುವ ಮಿಸೆಸ್ ಹ್ಯಾಲಮ್ ಹೋದ ವಾರವೇ ಹೇಳಿದ್ದರು: ಇವತ್ತು ಸಂಜೆ ಟೀಗೆ ಮೂವರು ಗೆಳತಿಯರು ಬರುತ್ತಾರೆ, ಮನೆ ನೋಡಲಿ, ಮೂಸಿ ನೋಡಲಿ, ಆಮೇಲೆ ನಿನ್ನ ಬಾಟಲಿಗಳ ಕಥೆ ನಾನೇ ಹೇಳುತ್ತೇನೆ, ಮೂವರ ಮನೆಯೂ ನಿನ್ನದೇ ಅಂದುಕೋ ಲವ್. ಲವ್. ಬಸ್ಸಿನ ಡ್ರೈವರಿನಿಂದ ಹಿಡಿದು ಎಲ್ಲರೂ ಎಲ್ಲರಿಗೂ ಅನ್ನುವ ಮಾತು, ಮೊದಲ ಸಲ ಕೇಳಿದಾಗ ಅವಳು ಕಿವಿಯವರೆಗೆ ಕೆಂಪಾಗಿದ್ದಳು. ಮೂರು ಮನೆ ಸಿಕ್ಕರೆ ಅದು ಬರೀ ಕೆಲಸವಲ್ಲ, ಅವಳದೇ ಒಂದು ಸಂಗತಿ. ಅದಕ್ಕೊಂದು ಹೆಸರಿಡಬಹುದು, ಬಾಟಲಿಗೆ ಚೀಟಿ ಅಂಟಿಸಬಹುದು. ಆಗ ಕಿಶೋರನಿಗೆ, ನೋಡು, ಇದು ನನ್ನದು, ಬೇಕಾದರೆ ಇದನ್ನೇ ಕೋರ್ಸು ಅಂತ ಕರಿ ಎನ್ನಬಹುದು. ಟ್ರಾಮಿನಿಂದ ಇಳಿದು ಬೆಟ್ಟ ಹತ್ತುವ ಬಸ್ಸಿಗೆ ಓಡುವಾಗ ಅವಳು ನಿಜವಾಗಿಯೂ ಓಡಿದಳು, ಬಾಟಲಿಗಳನ್ನು ಮಗುವಿನ ಹಾಗೆ ಎದೆಗೊತ್ತಿಕೊಂಡು.

ಇದೆಲ್ಲ ಶುರುವಾದದ್ದು ಪೇಪರ್ ಅಂಗಡಿಯ ಗಾಜಿಗೆ ಅಂಟಿಸಿದ ಒಂದು ಚೀಟಿಯಿಂದ. ಮನೆ ಸ್ವಚ್ಛ ಮಾಡಲು ಜನ ಬೇಕು, ಬ್ಲೀಚ್ ಬಳಸುವವರು ಬರಬೇಡಿ. ಅವಳಿಗೂ ಬ್ಲೀಚ್ ಆಗುತ್ತಿರಲಿಲ್ಲ. ಮೊದಲ ಚಳಿಗಾಲದಲ್ಲಿ, ಕಿಟಕಿ ತೆಗೆದರೆ ಚಳಿ, ಮುಚ್ಚಿದರೆ ಆ ವಾಸನೆ, ಬಾತ್‌ರೂಮಿನಲ್ಲಿ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಸುರಿಸಿಕೊಂಡು ಕೂತಿದ್ದವಳು ಅಂಟುವಾಳಕಾಯಿ ಕಳಿಸು ಎಂದು ಅಮ್ಮನಿಗೆ ಫೋನು ಮಾಡಿದ್ದಳು. ಅಮ್ಮ ನಕ್ಕಿದ್ದಳು. "ಇಂಗ್ಲೆಂಡಿಗೆ ಹೋಗಿ ಅಂಟುವಾಳ ಕೇಳ್ತಿದೀಯಲ್ಲೇ!" ಚೀಟಿ ನೋಡಿದ ದಿನ ಅವಳು ಅಂಗಡಿಯ ಮುಂದೆ ಮೂರು ಸಲ ಹೋಗಿ ಬಂದಳು. ನಾಚಿಕೆಯಾಗಿತ್ತು. ಆದರೆ ನಾಚಿಕೆಯ ಕೆಳಗೆ ಬೇರೇನೋ ಕುಣಿಯುತ್ತಿತ್ತು. ಈ ಊರಿನಲ್ಲಿ ಅವಳಿಗೆ ಗೊತ್ತಿರುವ ಒಂದು ಸಂಗತಿ ಬೇಕಾದವರೂ ಒಬ್ಬರಿದ್ದಾರೆ ಎಂಬ ಸುದ್ದಿ ಅದು.

ಮಿಸೆಸ್ ಹ್ಯಾಲಮ್ ಬಾಗಿಲು ತೆಗೆದರು. ಉದ್ದನೆಯ, ಒಣಕಲು ಮುದುಕಿ, ಹಿಂದೆ ಶಾಲೆಯ ಹೆಡ್‌ಮಿಸ್ಟ್ರೆಸ್ಸು. ಉಸಿರಿನ ತೊಂದರೆ, ಎರಡು ಮಾತಿಗೊಮ್ಮೆ ನಿಲ್ಲುತ್ತಾರೆ. ಆ ನಿಲುಗಡೆಯಲ್ಲಿ ಎದುರಿನವರು ಏನೋ ತಪ್ಪು ಮಾಡಿದಂತೆ ಅನಿಸುತ್ತದೆ. ಇವತ್ತು ಮಾತಾಡದೆ ಅವಳ ಅಂಗೈ ಬಿಡಿಸಿ ಒಂದು ಸಣ್ಣ ಬೀಗದಕೈ ಇಟ್ಟರು. ಊಟದ ಕೋಣೆಯ ಗಾಜಿನ ಬೀರುವಿನದು. "ಬೆಳ್ಳಿ," ಎಂದರು ಇಂಗ್ಲಿಷಿನಲ್ಲಿ, ಉಸಿರು ತೆಗೆದುಕೊಂಡು. "ನನ್ನ ಗಂಡ ಹೋದ ಮೇಲೆ ಹೊರಗೆ ತೆಗೆದಿಲ್ಲ. ಕಪ್ಪಾಗಿರುತ್ತೆ. ನಿನ್ನ ಹತ್ತಿರ ಅದಕ್ಕೂ ಏನಾದರೂ ಇರಬೇಕಲ್ಲ ಲವ್?" ಇದೆ ಎಂದು ಹೋದ ವಾರವೇ ಕೊಚ್ಚಿಕೊಂಡಿದ್ದವಳು ಅವಳೇ. ಆದರೂ ಬೀಗದಕೈಯನ್ನೇ ಕೊಡುತ್ತಾರೆಂದು ಎಣಿಸಿರಲಿಲ್ಲ. ಕಣ್ಣಲ್ಲಿ ನೀರು ಬಂದಿತು, ನಿಜವಾಗಿಯೂ ಬಂದಿತು, ಅದನ್ನು ಮುಚ್ಚಿಕೊಳ್ಳಲು ಬಗ್ಗಿ ಷೂ ಬಿಚ್ಚಿದಳು. ತುಮಕೂರಿನ ಮನೆಯಲ್ಲಿ ಹಿತ್ತಾಳೆ, ತಾಮ್ರ, ಕಂಚು ಎಲ್ಲವೂ ಹಿತ್ತಲಿನ ಬಚ್ಚಲುಕಲ್ಲಿಗೆ, ಕೆಲಸದ ಭಾಗೀರಥಿಯ ಕೈಗೆ ಹೋಗುತ್ತಿದ್ದವು. ಬೆಳ್ಳಿ ಮಾತ್ರ ಇಲ್ಲ. ವರಮಹಾಲಕ್ಷ್ಮಿಯ ಹಿಂದಿನ ದಿನ ಅಮ್ಮ ನಡುಮನೆಯಲ್ಲಿ ಚಾಪೆ ಹಾಸಿ ಆರತಿ ತಟ್ಟೆ, ಕುಂಕುಮದ ಭರಣಿ, ದೀಪದ ಕಂಬ, ಎಲ್ಲ ಹರವಿಕೊಂಡು ತಾನೇ ತಿಕ್ಕುತ್ತಿದ್ದಳು, ಒದ್ದೆ ಬಟ್ಟೆಯಲ್ಲಿ ವಿಭೂತಿ ಅದ್ದಿ ಅದ್ದಿ. ಮೈತ್ರೇಯಿ ಪಕ್ಕದಲ್ಲಿ ಕೂತು ಒಣಬಟ್ಟೆಯಲ್ಲಿ ಒರೆಸುತ್ತಿದ್ದಳು. "ಕೊಡಿ ಅಮ್ಮಾವ್ರೆ, ನಾನೇ ತಿಕ್ಕಿಕೊಡ್ತೀನಿ, ನಿಮಗ್ಯಾಕೆ ತೊಂದ್ರೆ," ಎಂದು ಭಾಗೀರಥಿ ಬಾಗಿಲಲ್ಲಿ ನಿಂತು ಕೇಳಿದರೆ, "ಇರಲಿ ಬಿಡೇ, ನೀನೂ ಬೆಳಿಗ್ಗೆಯಿಂದ ದುಡಿದು ಸುಸ್ತಾಗಿದೀಯ," ಎನ್ನುತ್ತಿದ್ದಳು ಅಮ್ಮ, ಎಷ್ಟು ಅಕ್ಕರೆಯಿಂದ! ಭಾಗೀರಥಿ ತಲೆಯಾಡಿಸಿ ಹೋಗುತ್ತಿದ್ದಳು. ಕೆಲಸದವಳ ಕೈಗೆ ಬೆಳ್ಳಿ ಕೊಡುವ ಮನೆ ಇದು, ಅದೇ ಇಲ್ಲಿಯ ಸೊಗಸು ಎಂದುಕೊಂಡು ಮೈತ್ರೇಯಿ ಎದ್ದಳು. ಹಾಗಾದರೆ ಕೆಲಸದವಳು ಯಾರು ಎಂಬುದು ಮೆಟ್ಟಿಲು ಹತ್ತುವಾಗ ಹೊಳೆಯಿತು. ಹೊಳೆದರೂ ಕಾಲು ನಿಲ್ಲಲಿಲ್ಲ, ಇವತ್ತು ಯಾವುದಕ್ಕೂ ನಿಲ್ಲುವ ಕಾಲಲ್ಲ ಅದು.

ಮನೆಯೆಲ್ಲ ಅವಳು ಹಬ್ಬದ ಹಾಗೆ ತೊಳೆದಳು. ವಿನೆಗರಿನಲ್ಲಿ ಅದ್ದಿದ ಪೇಪರಿನಿಂದ ಕಿಟಕಿಗಳನ್ನು ಒರೆಸಿದಳು. ಗಾಜು ಇದೆಯೋ ಇಲ್ಲವೋ ಎಂದು ಅನುಮಾನ ಬರುವಷ್ಟು ತಿಳಿಯಾದವು, ಕೋಣೆ ಮಾತ್ರ ಸ್ವಲ್ಪ ಹೊತ್ತು, ವಿನೆಗರ್ ಸುರಿದು ಕೊಡುವ ಇಲ್ಲಿಯ ಚಿಪ್ಸ್ ಅಂಗಡಿಯ ಹಾಗೆ ನಾರಿತು. ಮುಂಬಾಗಿಲ ಹಿತ್ತಾಳೆಯ ಪತ್ರದ ಕಿಂಡಿಗೆ ಹುಣಸೆಹಣ್ಣು ತಿಕ್ಕಿದಳು, ದಾರಿಯಲ್ಲಿ ಹೋಗುತ್ತಿದ್ದ ಪೋಸ್ಟ್‌ಮನ್ ನಿಂತು ಇದೇನು ಚಾಕೊಲೇಟಾ ಎಂದು ಕೇಳಿದ. ಒಲೆಯ ಮೇಲಿನ ಹಳೆಯ ಜಿಡ್ಡು ಬಿಸಿನೀರಲ್ಲಿ ಕಲಸಿದ ಸೀಗೆಪುಡಿಗೆ ಸೋತು ಬಿಟ್ಟುಕೊಟ್ಟಾಗ ಅವಳು ಒಬ್ಬಳೇ "ಹಾಂ! ಬಾ ಈಗ!" ಎಂದು ಗಟ್ಟಿಯಾಗಿ ಕನ್ನಡದಲ್ಲಿ ಬೈದಳು. ಮಿಸೆಸ್ ಹ್ಯಾಲಮ್ ಹಜಾರದಲ್ಲಿ ಕೂತು ಆಳವಾಗಿ ಉಸಿರೆಳೆದು ನೋಡುತ್ತಿದ್ದರು. ಕೆಮ್ಮು ಬರಲಿಲ್ಲ. ಒಂದು ಮನೆಯ ಗಾಳಿಯನ್ನು ತಾನು ಸರಿಮಾಡಿದ್ದೇನೆ ಎಂಬ ಸಂತೋಷ ಎಂಥದ್ದೆಂದು ಕಿಶೋರನಿಗೆ ಹೇಗೆ ಹೇಳುವುದು? ಅವನು ಆಫೀಸಿನಲ್ಲಿ ಯಾವುದೋ ರಿಯಾಕ್ಟರಿನ ಪೈಪುಗಳ ಲೆಕ್ಕ ಹಾಕುತ್ತಾನೆ, ಆ ಪೈಪನ್ನು ಅವನು ಕಣ್ಣಿಂದ ನೋಡಿದ್ದೇ ಇಲ್ಲ.

"ಅಂದಹಾಗೆ," ಎಂದರು ಮಿಸೆಸ್ ಹ್ಯಾಲಮ್, ಅವಳು ಬೀರುವಿನಿಂದ ಬೆಳ್ಳಿಯನ್ನು ಅಡಿಗೆಮನೆಗೆ ಸಾಗಿಸುತ್ತಿರುವಾಗ, "ಮೂವರಲ್ಲಿ ಒಬ್ಬರು ನಿಮ್ಮ ಕಡೆಯವರೇ. ನನ್ನ ಜೊತೆ ಆಸ್ಪತ್ರೆಯ ಸೇವಾ ಕಮಿಟಿಯಲ್ಲಿದ್ದಾರೆ. ಡಾಕ್ಟರ ಹೆಂಡತಿ. ಮಿಸೆಸ್ ಸ್ವಾಮಿ." ಮೈತ್ರೇಯಿಯ ಕೈಯಲ್ಲಿದ್ದ ಹಾಲಿನ ಜಗ್ಗು ಸಿಂಕಿಗೆ ತಗುಲಿ ಸದ್ದಾಯಿತು. ಸ್ವಾಮಿ ಎಂದರೆ ಯಾರಾದರೂ ಆಗಬಹುದು. ಕುಪ್ಪುಸ್ವಾಮಿ, ಕೃಷ್ಣಸ್ವಾಮಿ, ಪೂರಾ ತಮಿಳುನಾಡು ಇದೆ. ದೇವರೇ ತಮಿಳರಾಗಲಿ ಎಂದುಕೊಂಡಳು. "ಕ್ರೀಮ್ ಬಣ್ಣದ ಕಾರು. ಬಹಳ ಸೀರೆಗಳು," ಎಂದರು ಮಿಸೆಸ್ ಹ್ಯಾಲಮ್ ನಗುತ್ತಾ. ಯುಗಾದಿಯ ದಿನ ಬಳಗದ ಊಟದ ಹಾಲ್‌ ಮುಂದೆ ನಿಂತಿದ್ದ ಕಾರಿನ ಬಣ್ಣ ಯಾವುದು? ಕ್ರೀಮ್. ಹೊಟ್ಟೆನೋವು ಎಂದು ಹೇಳಿ ಹೊರಟುಬಿಡಬಹುದು. ಟೀ ಇಟ್ಟು, ಟ್ರೇ ಸಿದ್ಧಮಾಡಿ, ಹಿಂಬಾಗಿಲಿನಿಂದ ಹೋಗಬಹುದು. ಹೋದರೆ ಮೂರು ಮನೆಯೂ ಹೋಯಿತು, ಕಿಶೋರ ಹೇಳಿದಂತೆ ಇವತ್ತೇ ಕೊನೆಯಾಯಿತು. ಟೀಪಾಟನ್ನು ಎತ್ತಿಕೊಂಡಳು. ಏನಾದರಾಗಲಿ, ಮೊದಲು ಇದನ್ನು ಹೊಳೆಸಬೇಕು. ಹೊಳೆಯುವ ವಸ್ತು ಕೈಯಲ್ಲಿದ್ದರೆ ಯಾರ ಎದುರಿಗಾದರೂ ನಿಲ್ಲಬಹುದು.

ಕಪ್ಪೆಂದರೆ ಕಪ್ಪು, ಹೆಂಚಿನ ಕಪ್ಪು. ಬನಿಯನ್ನಿನ ಚೂರನ್ನು ಒದ್ದೆ ಮಾಡಿ ವಿಭೂತಿಯ ಪುಡಿಯಲ್ಲಿ ಅದ್ದಿ ಟೀಪಾಟಿನ ಹೊಟ್ಟೆಯ ಮೇಲೆ ಒಂದು ಸುತ್ತು ಹಾಕಿದಳು, ಬಟ್ಟೆಯಡಿ ಒಂದು ಬಿಳಿ ಕಣ್ಣು ತೆರೆಯಿತು. ಆ ಕ್ಷಣ ಅವಳಿಗೆ ಇಷ್ಟ, ಚಿಕ್ಕಂದಿನಿಂದ ಇಷ್ಟ. ಕೊಳೆಯ ಅಡಿಯಿಂದ ವಸ್ತು ತಾನೇ ತಾನಾಗಿ ಎದ್ದು ಬರುವ ಕ್ಷಣ. ಸುತ್ತು ಸುತ್ತಾಗಿ ತಿಕ್ಕಿದಳು. ಹಿಡಿಯ ಬುಡ, ಮೂತಿಯ ಬಳಿಯ ಎಲೆ ಬಳ್ಳಿಯ ಕೆತ್ತನೆ, ಮುಚ್ಚಳದ ಗುಬುಟು. ಅಮ್ಮನ ಬಳೆಗಳ ಸದ್ದು ಕೇಳಿದಂತಾಯಿತು, ನೋಡಿದರೆ ತನ್ನ ಬಳೆಗಳದೇ ಸದ್ದು. ತಿಕ್ಕು, ಇನ್ನೂ ತಿಕ್ಕು, ಮುಖ ಕಾಣಬೇಕು ಎನ್ನುತ್ತಿದ್ದಳು ಅಮ್ಮ. ಮುಖ ಕಂಡಿತು. ಹೊಟ್ಟೆಯ ಉಬ್ಬಿನಲ್ಲಿ ಅಗಲವಾದ ಮೂಗು, ಸಣ್ಣ ಹಣೆ, ನಗುತ್ತಿರುವ ಬಾಯಿ. ಮೂಗಿನ ಪಕ್ಕದಲ್ಲಿ ಒಂದು ಗುಲಾಬಿ ಕಲೆ ಇತ್ತು. ಟೀ ಕಲೆ ಇರಬೇಕು, ಎಷ್ಟು ವರ್ಷದ್ದೋ. ವಿಭೂತಿಗೆ ಎರಡು ಹನಿ ನಿಂಬೆರಸ ಬೆರೆಸಿ ಹೆಬ್ಬೆರಳಲ್ಲಿ ಒತ್ತಿ ತಿಕ್ಕಿದಳು. ಕಲೆ ಹೋಗಲಿಲ್ಲ. ಹಟ ಬಂದಿತು. ಯಾವ ಕಲೆ ಅವಳ ಕೈಯಿಂದ ತಪ್ಪಿಸಿಕೊಂಡಿದೆ? ಇನ್ನೊಂದಿಷ್ಟು ಪುಡಿ, ಇನ್ನೊಂದಿಷ್ಟು ರಟ್ಟೆಯ ಬಲ. ಕಲೆ ರೂಪಾಯಿಯಷ್ಟು ಅಗಲವಾಯಿತು, ಅಂಚು ಹರಡಿತು, ಹೊಳೆಯತೊಡಗಿತು. ಕಲೆ ಎಲ್ಲಾದರೂ ಹೊಳೆಯುವುದುಂಟೇ? ಕೈ ನಿಂತಿತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಗುಲಾಬಿಯಲ್ಲ, ಕೆಂಪು. ತುಮಕೂರಿನ ಬಚ್ಚಲ ಹಂಡೆಯ ಕೆಂಪು. ಭಾಗೀರಥಿ ಹುಣಸೆಹಣ್ಣು ಹಾಕಿ ತಿಕ್ಕಿದ ಮೇಲೆ ಹೊಳೆಯುತ್ತಿದ್ದ ಅದೇ ತಾಮ್ರ. ಕೊಳೆ ಬರುತ್ತಿರಲಿಲ್ಲ, ಬೆಳ್ಳಿ ಹೋಗುತ್ತಿತ್ತು.

ಅವಳಿಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಇದೆಂಥ ಬೆಳ್ಳಿ! ಬೆಳ್ಳಿ ಎಂದರೆ ಬೆಳ್ಳಿ, ಮೇಲೂ ಬೆಳ್ಳಿ, ಒಳಗೂ ಬೆಳ್ಳಿ, ಅಜ್ಜಿ ತಿಕ್ಕಿ, ಅಮ್ಮ ತಿಕ್ಕಿ, ಮೊಮ್ಮಗಳ ಕಾಲಕ್ಕೂ ಬೆಳ್ಳಿಯೇ. ತಿಕ್ಕಿದರೆ ಸವೆದು ಇನ್ನೊಂದಾಗುವ ಬೆಳ್ಳಿ ಮನೆಯಲ್ಲಿ ಯಾರಾದರೂ ಇಟ್ಟುಕೊಳ್ಳುತ್ತಾರೆಯೇ? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಸಾವಿರ ಸಲ ಕೇಳಿದ್ದವಳು, ಬಿಎಸ್ಸಿಯಲ್ಲಿ ತಾಮ್ರದ ಮೇಲೆ ಬೆಳ್ಳಿ ಕೂರಿಸುವ ಪ್ರಯೋಗವನ್ನು ತನ್ನ ಕೈಯಾರೆ ಮಾಡಿ ಮಾರ್ಕು ತೆಗೆದವಳು, ಆ ಗಾಜಿನ ತೊಟ್ಟಿ, ಆ ವೈರು, ಎಲ್ಲ ನೆನಪಿದೆ, ಆದರೆ ಟೀಪಾಟು ಕೈಗೆ ಬಂದಾಗ ಅದೊಂದೂ ನೆನಪಾಗಲಿಲ್ಲ, ನೆನಪಾದದ್ದು ಅಮ್ಮ ಮಾತ್ರ. ಆಮೇಲೆ ಭಯ ಬಂದಿತು. ಸತ್ತ ಗಂಡನ ಮನೆತನದ ವಸ್ತು. ನಂಬಿ ಬೀಗದಕೈ ಕೊಟ್ಟಿದ್ದರು. ಬೆಳ್ಳಿಯನ್ನು ಕೆಲಸದವಳ ಕೈಗೆ ಯಾಕೆ ಕೊಡಬಾರದು ಎಂಬುದಕ್ಕೆ ಅಮ್ಮನಿಗೆ ಇನ್ನೊಂದು ಉದಾಹರಣೆ ಸಿಕ್ಕಿತು. ಹೊರಗೆ ಕಾರಿನ ಬಾಗಿಲುಗಳು ಮುಚ್ಚಿದ ಸದ್ದಾಯಿತು. ಮಿಸೆಸ್ ಹ್ಯಾಲಮ್ "ಬಂದರು!" ಎಂದು ಹಜಾರದಿಂದ ಹುಡುಗಿಯ ಹಾಗೆ ಕೂಗಿದರು. ಯೋಚಿಸಲು ಪುರಸೊತ್ತಿರಲಿಲ್ಲ. ಟೀ ಹಾಕಿ, ಬಿಸಿನೀರು ಸುರಿದು, ಟೀಪಾಟನ್ನು ಟ್ರೇಯ ಮೇಲಿಟ್ಟಳು, ತಾಮ್ರದ ಕಡೆ ತನ್ನ ಹೊಟ್ಟೆಯತ್ತ, ಬೆಳ್ಳಿಯ ಕಡೆ ಜಗತ್ತಿನತ್ತ.

ಕೋಣೆಯಲ್ಲಿ ನಾಲ್ವರು ಕೂತಿದ್ದರು. ದಪ್ಪನೆಯ, ಕೆನ್ನೆ ಕೆಂಪಿನ ಜೋನ್. ಮುತ್ತಿನ ಸರದ ಡಾರತಿ, ಒಂದು ಬೆರಳಲ್ಲಿ ಸದ್ದಿಲ್ಲದೆ ಮೇಜಿನ ಅಂಚಿನ ಧೂಳು ಪರೀಕ್ಷಿಸುತ್ತಿದ್ದವಳು. ಮಿಸೆಸ್ ಹ್ಯಾಲಮ್. ಕಿಟಕಿಯ ಪಕ್ಕದಲ್ಲಿ, ಮೈಸೂರು ರೇಷ್ಮೆ ಸೀರೆಯ ಮೇಲೆ ಕಾರ್ಡಿಗನ್ ಹಾಕಿಕೊಂಡು, ಶೋಭಾ. ಕಣ್ಣುಗಳು ಕೂಡಿದವು. ಶೋಭಾ ಅವರ ಹುಬ್ಬು ಕೂದಲೆಳೆಯಷ್ಟು ಮೇಲೆ ಹೋಗಿ ಮತ್ತೆ ಜಾಗಕ್ಕೆ ಬಂದಿತು. "ಇವಳೇ ನಾನು ಹೇಳಿದ ಮೈತ್ರೇಯಿ," ಎಂದರು ಮಿಸೆಸ್ ಹ್ಯಾಲಮ್, ಹೆಸರನ್ನು ಅರ್ಧಕ್ಕೆ ಮುರಿದು. ಶೋಭಾ ಇಂಗ್ಲಿಷಿನಲ್ಲಿ, "ಹೌ ಡು ಯು ಡು," ಎಂದರು. ಅಷ್ಟೇ. ಎಲೆಗೆ ತುಪ್ಪ ಬಡಿಸಿದ ಕೈ ಮಡಿಲಲ್ಲಿ ತೆಪ್ಪಗೆ ಕೂತಿತ್ತು. ಮೈತ್ರೇಯಿಯೂ "ಹೌ ಡು ಯು ಡು" ಎಂದಳು. ಇದು ದಯೆಯೋ ಅವಮಾನವೋ ಅವಳಿಗೆ ತಿಳಿಯಲಿಲ್ಲ. ತನ್ನನ್ನು ಉಳಿಸುವುದಕ್ಕೆ ಗುರುತು ಮರೆತರೋ, ತಮ್ಮನ್ನು ಉಳಿಸಿಕೊಳ್ಳುವುದಕ್ಕೋ? ಕೆಲಸದವಳು ನಮ್ಮ ಬಳಗದ ಹುಡುಗಿ ಎಂದು ಇವರ ಎದುರಿಗೆ ಹೇಳಿಕೊಳ್ಳುವುದು ಹೇಗೆ ಎಂದಿರಬೇಕು. ಮುಖ ಉರಿಯಿತು. ಆದರೂ ಟೀ ಸುರಿದಳು, ತಾಮ್ರದ ಕಡೆಯನ್ನು ತನ್ನ ಹೊಟ್ಟೆಯ ಕಡೆಗೇ ಇಟ್ಟುಕೊಂಡು ಸುರಿಯುವುದು ಸುಲಭದ ಕೆಲಸವಲ್ಲ, ಮೊಣಕೈ ವಿಚಿತ್ರವಾಗಿ ಎತ್ತಬೇಕಾಯಿತು.

ಮಿಸೆಸ್ ಹ್ಯಾಲಮ್ ಮಾತು ಕೊಟ್ಟಂತೆ ಕಥೆ ಶುರುಮಾಡಿದರು. ಕೆಮ್ಮಿಲ್ಲ, ಬ್ಲೀಚಿಲ್ಲ, ಎಲ್ಲ ಕಾಯಿ, ಸಿಪ್ಪೆ, ಪುಡಿ. "ಆ ಕಿಟಕಿ ನೋಡಿ. ಬೆಳಿಗ್ಗೆ ಒಂದು ಹಕ್ಕಿ ಬಂದು ಢಿಕ್ಕಿ ಹೊಡೆಯಿತು, ಪಾಪ." ಜೋನ್ ನಕ್ಕಳು. ಡಾರತಿ ಬೆರಳನ್ನು ನೋಡಿಕೊಂಡಳು, ಧೂಳಿರಲಿಲ್ಲ. ಅವಳ ಮುಖದಲ್ಲಿ ಗೌರವದಂಥದ್ದೇನೋ ಮೂಡಿತು, ಮೈತ್ರೇಯಿ ಅದನ್ನು ಕಣ್ಣಾರೆ ಕಂಡಳು, ಆ ಉರಿಯ ನಡುವೆಯೂ ಎದೆ ಹಿಗ್ಗಿತು. "ಈ ಬೆಳ್ಳಿ!" ಎಂದಳು ಡಾರತಿ. "ನನ್ನದು ಯಾವತ್ತೂ ಹೀಗೆ ಬರುವುದಿಲ್ಲ. ಏನು ಹಾಕುತ್ತೀಯಾ?" ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಮೈತ್ರೇಯಿಯ ಕೈ ತಾನಾಗಿ ಟೀಪಾಟಿನ ಕೆಂಪು ಕಡೆಗೆ ಹೋಗಿ ಮುಚ್ಚಿತು, ಬಿಸಿ ತಾಗಿ ಹಿಂದೆ ಬಂದಿತು. "ಬೂದಿ," ಎಂದಳು. "ಅದು ನಮ್ಮ... ಒಂದು ಬೂದಿ." "ಯಾವುದರ ಬೂದಿ?" ಎಂದಳು ಡಾರತಿ, ಟೀ ಗುಟುಕರಿಸಿ. ನಿಜವಾಗಿಯೂ ತಿಳಿಯುವ ಆಸೆಯಿಂದ.

ಯಾವುದರ ಬೂದಿ. ಹುಟ್ಟಿದಂದಿನಿಂದ ಹಣೆಯ ಮೇಲಿದ್ದದ್ದು, ಆದರೆ ಈ ಪ್ರಶ್ನೆ ಅವಳ ತಲೆಗೇ ಬಂದಿರಲಿಲ್ಲ. ವಿಭೂತಿ ಎಂದರೆ ವಿಭೂತಿ. ಅದನ್ನು ಇಂಗ್ಲಿಷಿಗೆ ತಂದ ಕೂಡಲೇ ಅದು ಏನಾಗುತ್ತದೆ ಎಂಬುದು ಈಗ, ನಾಲ್ಕು ಕಪ್ಪು ಟೀಯ ಮೇಲೆ ಹಬೆಯಾಡುತ್ತಿರುವಾಗ, ಅವಳಿಗೆ ಕಂಡಿತು. ಟೀಪಾಟಿನ ಮೂತಿಯ ಕೆತ್ತನೆಯಲ್ಲಿ ಒಂದಿಷ್ಟು ಬಿಳಿ ಪುಡಿ ಇನ್ನೂ ಉಳಿದಿತ್ತು, ಅದೂ ಕಂಡಿತು. ಶೋಭಾ ಅದನ್ನೇ ನೋಡುತ್ತಿದ್ದರು. ಅವರಿಗೆ ಗೊತ್ತು. ವಾಸನೆಯಿಂದಲೇ ಗೊತ್ತಾಗಿರಬೇಕು, ಯಾವ ಕನ್ನಡದ ಹೆಂಗಸಿಗೆ ಗೊತ್ತಾಗುವುದಿಲ್ಲ? "ಅದೊಂದು ಥರದ ಜೇಡಿಮಣ್ಣು," ಎಂದರು ಶೋಭಾ ಇಂಗ್ಲಿಷಿನಲ್ಲಿ, ಸರಾಗವಾಗಿ, ಕಮಿಟಿಯಲ್ಲಿ ವರದಿ ಒಪ್ಪಿಸುವ ದನಿಯಲ್ಲಿ. "ಬೂದಿಯಂತೆ ಕಾಣುತ್ತದೆ. ಇಂಡಿಯಾದಲ್ಲಿ ಎಲ್ಲ ಕಡೆ ಸಿಗುತ್ತದೆ." "ಓ, ಜೇಡಿಮಣ್ಣು," ಎಂದಳು ಡಾರತಿ, "ಮುಖಕ್ಕೆ ಹಚ್ಚುತ್ತಾರಲ್ಲ ಆ ಥರ." ಜೋನ್ ಅದನ್ನು ಕೇಳಿ, "ಹಾಗಾದರೆ ನನ್ನ ಮನೆಗೆ ಮಂಗಳವಾರ ಬರುತ್ತೀಯಾ?" ಎಂದಳು.

ಸಿಕ್ಕಿತು. ಒಂದು ಹೂಂ ಅಂದರೆ ಸಾಕು, ಮೂರೂ ಮನೆ ಸಿಕ್ಕಿತು. ಶೋಭಾ ಎಷ್ಟು ಚೆನ್ನಾಗಿ ಹೇಳಿಕೊಟ್ಟರು, ಕಿಶೋರನಿಗಿಂತ ಚೆನ್ನಾಗಿ. ಕೋರ್ಸ್ ಮಾಡ್ತಿದಾಳೆ ಆಂಟಿ. ಅದೊಂದು ಥರದ ಜೇಡಿಮಣ್ಣು. ಬೆಳಿಗ್ಗೆ ಕನ್ನಡಿಯ ಮುಂದೆ ಹಣೆ ಒರೆಸಿಕೊಂಡ ಕಿಶೋರನ ಮೂರು ಬೆರಳು ನೆನಪಾದವು. ಇನ್ನು ಈ ಮೂರು ಮನೆಗಳಲ್ಲೂ ಅವಳು ಟ್ರೇ ಹಿಡಿದು ಒಂದು ಕಡೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡೇ ನಿಂತಿರಬೇಕು, ಮೊಣಕೈ ಎತ್ತಿಕೊಂಡೇ ಟೀ ಸುರಿಯಬೇಕು. ಒಳಗೆ ಏನೋ ಉಕ್ಕಿ ಬರುತ್ತಿತ್ತು. ಭಯವೇ ಎಂದು ನೋಡಿದಳು, ಭಯವಲ್ಲ. ಬೆಳಿಗ್ಗೆ ಟ್ರಾಮಿನಲ್ಲಿ ಬಾಟಲಿಗಳ ಸದ್ದಿಗೆ ಬರುತ್ತಿದ್ದ ನಗುವೇ ಅದು, ಮತ್ತೆ ಗಂಟಲಿಗೆ ಬಂದು ನಿಂತಿತ್ತು.

"ಜೇಡಿಮಣ್ಣಲ್ಲ," ಎಂದಳು. "ಬೂದಿಯೇ. ಹಸುವಿನ ಸೆಗಣಿ ಸುಟ್ಟು ಮಾಡಿದ ಬೂದಿ." ಇಂಗ್ಲಿಷಿನಲ್ಲಿ ಅದಕ್ಕೆ ಎರಡೇ ಪದ, ಕೌ ಡಂಗ್, ಕೋಣೆಯ ಮಧ್ಯದಲ್ಲಿ ಟಪ್ಪೆಂದು ಬಿದ್ದವು. "ನಾವು ಹಣೆಗೆ ಹಚ್ಚಿಕೊಳ್ಳುತ್ತೇವೆ. ನನ್ನ ಗಂಡ ದಿನವೂ ಹಚ್ಚಿಕೊಳ್ಳುತ್ತಾನೆ. ನಮ್ಮಲ್ಲಿ ಅದಕ್ಕಿಂತ ಶುದ್ಧವಾದದ್ದು ಇಲ್ಲ." ನಿಲ್ಲಿಸಬಹುದಿತ್ತು, ಬಾಯಿ ನಿಲ್ಲಲಿಲ್ಲ. "ಇನ್ನೊಂದು. ನಮ್ಮಲ್ಲಿ ಬೆಳ್ಳಿ ಎಂದರೆ ಪೂರ್ತಿ ಬೆಳ್ಳಿ. ನಾನು ಹಾಗೇ ತಿಕ್ಕಿದೆ. ನೋಡಿ." ಟೀಪಾಟನ್ನು ಎತ್ತಿ ತಿರುಗಿಸಿ ಮೇಜಿನ ನಡುವೆ ಇಟ್ಟಳು. ಸಂಜೆಯ ಬಿಸಿಲು ನೇರ ಆ ಕೆಂಪಿನ ಮೇಲೇ ಬಿದ್ದಿತು. ಅವಳಿಗೇ ಅಚ್ಚರಿಯಾಯಿತು, ಎಷ್ಟು ಚೆನ್ನಾಗಿ ಹೊಳೆಯುತ್ತಿತ್ತು.

ಡಾರತಿ ಕಪ್ಪನ್ನು ಸಾಸರಿನ ಮೇಲೆ, ಮಲಗಿದ ಮಗುವನ್ನು ಇಳಿಸುವ ಹಾಗೆ, ಇಟ್ಟು ಕೈ ಹಿಂದೆ ತೆಗೆದುಕೊಂಡಳು. ಒಂದು ಮನೆ ಹೋಯಿತು ಎಂದುಕೊಂಡಳು ಮೈತ್ರೇಯಿ. ಮಿಸೆಸ್ ಹ್ಯಾಲಮ್ ಕನ್ನಡಕ ಹಾಕಿಕೊಂಡು ಬಗ್ಗಿದರು. ಬೆರಳ ತುದಿಯಿಂದ ತಾಮ್ರವನ್ನು ಮುಟ್ಟಿದರು, ಬಿಸಿಗೆ ತೆಗೆದರು, ಮತ್ತೆ ಮುಟ್ಟಿದರು. ಉಸಿರಿಗಾಗಿ ನಿಂತರು. "ರೊನಾಲ್ಡ್," ಎಂದರು ಕೊನೆಗೆ, "ಇದು ಗಟ್ಟಿ ಬೆಳ್ಳಿ, ಅಜ್ಜಿ ಬಿಟ್ಟುಹೋದದ್ದು ಅಂತ ಬಂದವರಿಗೆಲ್ಲ ಹೇಳುತ್ತಿದ್ದ. ಬೆಳ್ಳಿ ಸಾಮಾನಿಗೆ ಹೆಸರಾದ ಇದೇ ಊರಿನಲ್ಲಿ ಹುಟ್ಟಿದವನು, ಒಂದು ಸಲ ಬುಡ ಮೇಲೆ ಮಾಡಿ ಮುದ್ರೆ ಓದಲಿಲ್ಲ ನೋಡಿ. ನಾನು ಮದುವೆಯಾದ ವಾರವೇ ಓದಿದ್ದೆ, ಬರೀ ಬೆಳ್ಳಿ ಲೇಪ." ಮತ್ತೆ ಉಸಿರು. "ಹೇಳಲಿಲ್ಲ. ಅವನಿಗೆ ಅಷ್ಟೊಂದು ಸಂತೋಷವಾಗುತ್ತಿತ್ತು." ಅವರ ಕಣ್ಣು ತುಂಬಿತ್ತೋ ನಗುತ್ತಿತ್ತೋ ಹೇಳುವುದು ಕಷ್ಟವಾಗಿತ್ತು. "ತಿಕ್ಕುವ ಮೊದಲು ಕೇಳಬೇಕಿತ್ತು ಲವ್," ಎಂದರು ಆಮೇಲೆ, ಹೆಡ್‌ಮಿಸ್ಟ್ರೆಸ್ಸಿನ ದನಿಯಲ್ಲಿ. "ಹೌದು," ಎಂದಳು ಮೈತ್ರೇಯಿ. ಜೋನ್ ಕೆಮ್ಮಿ, "ಹಿತ್ತಾಳೆಗೂ ಸೆಗಣಿಯೇನಾ?" ಎಂದಳು. "ಇಲ್ಲ, ಹಿತ್ತಾಳೆಗೆ ಹುಣಸೆಹಣ್ಣು. ಅದು ಹಣ್ಣು." "ಹಾಗಾದರೆ ಮಂಗಳವಾರ ಹಣ್ಣು ತಾ," ಎಂದಳು ಜೋನ್.

ಶೋಭಾ ಹೇಳಿದ ಸುಳ್ಳು ಎಲ್ಲರ ಎದುರಿಗೆ ಬಿದ್ದಿತ್ತು, ಬೀಳಿಸಿದವಳು ಇವಳು. ಸಂಜೆ ಕಿಶೋರನಿಗೆ ಏನು ಹೇಳುವುದೆಂದು ಇನ್ನು ಯೋಚಿಸಬೇಕಾಗಿರಲಿಲ್ಲ, ಶೋಭಾ ಅವರಿಗೆ ಗೊತ್ತಾದದ್ದು ಶನಿವಾರದೊಳಗೆ ಮ್ಯಾಂಚೆಸ್ಟರಿನವರೆಗೆ ಮುಟ್ಟುತ್ತದೆ. ಮೈತ್ರೇಯಿ ಅವರತ್ತ ನೋಡದೆ ಟ್ರೇಗೆ ಕೈ ಹಾಕಿದಳು. ಆಗ ಶೋಭಾ ತಮ್ಮ ಕಪ್ಪನ್ನು ತುಟಿಗೆತ್ತಿ, ಡಾರತಿ ನೋಡುತ್ತಿರುವಂತೆಯೇ, ನಿಧಾನವಾಗಿ ಕೊನೆಯ ಗುಟುಕಿನವರೆಗೆ ಕುಡಿದು, ಸಾಸರಿನ ಸಮೇತ ಮುಂದೆ ಚಾಚಿದರು.

"ಇನ್ನೊಂದು ಚೂರು ಹಾಕಮ್ಮ ಮೈತ್ರೇಯಿ," ಎಂದರು. ಕನ್ನಡದಲ್ಲಿ, ಗಟ್ಟಿಯಾಗಿ, ಬಳಗದ ಪಂಕ್ತಿಯಲ್ಲಿ ಕೂತವರಂತೆ. ಮೂವರು ಹೆಂಗಸರು ತಿರುಗಿ ನೋಡಿದರು. "ಆಗ್ಲೇ ಮಾತಾಡಿಸ್ಬೇಕಾಗಿತ್ತು ನಿನ್ನ. ತಪ್ಪಾಯ್ತು." ಆಮೇಲೆ ತಾಮ್ರದ ಕಡೆ ಕಣ್ಣು ತೋರಿಸಿ, ದನಿ ತಗ್ಗಿಸಿ, "ನಮ್ಮನೇಲೂ ಹೀಗೇ ಒಂದಿದೆ ಕಣೆ. ಬಂದ ಹೊಸದ್ರಲ್ಲಿ, ದೀಪಾವಳಿಗೆ ಅಂತ ವಿಭೂತಿ ಹಾಕಿ ತಿಕ್ಕಿ ತಿಕ್ಕಿ ಇಟ್ಟೆ. ಲಾಫ್ಟ್‌ನಲ್ಲಿ ಬಚ್ಚಿಟ್ಟಿದೀನಿ. ಡಾಕ್ಟ್ರಿಗೆ ಇವತ್ತಿಗೂ ಗೊತ್ತಿಲ್ಲ."

ಮೈತ್ರೇಯಿ ಟೀಪಾಟನ್ನು ಎತ್ತಿದಳು, ಈ ಸಲ ಮೊಣಕೈ ಇಳಿಸಿ, ಕೆಂಪು ಕಡೆ ಅವರೆಲ್ಲರತ್ತ ಇದ್ದಂತೆಯೇ. ನಗು ತಡೆಯಲಾಗದೆ ಒಂದಿಷ್ಟು ಟೀಯನ್ನು ಸಾಸರಿಗೂ ಚೆಲ್ಲಿದಳು.